ಮೊದಲನೆಯ ‘ಸಾಕು’ ಲೆಕ್ಕಕ್ಕಿಲ್ಲ

ಹಳೇಬೀಡಿನಲ್ಲಿ ವೀರರಿಗೆ ಯಾವತ್ತೂ ಕೊರತೆ ಇಲ್ಲ. ದೇವಸ್ಥಾನದ ಗೋಡೆಯ ಸುತ್ತ ಒಂದು ಸುತ್ತು ಬಂದರೆ ಬಿಲ್ಲು ಎಳೆದವರು, ಗದೆ ಎತ್ತಿದವರು, ಆನೆಯ ಸೊಂಡಿಲು ಹಿಡಿದು ಜಗ್ಗಿದವರು ಸಾಲುಸಾಲಾಗಿ ನಿಂತಿದ್ದಾರೆ. ಆದರೆ ಅವರೆಲ್ಲ ಕಲ್ಲಿನವರು. ಎತ್ತಿದ ಕೈ ಎತ್ತಿದಂತೆಯೇ ಇದೆ. ಅದು ಯಾರ ಮೇಲೂ ಇಳಿದದ್ದನ್ನು ಕಂಡವರಿಲ್ಲ. ಎತ್ತಿದ ಕೈಯನ್ನು ಗುರಿ ತಪ್ಪದೆ ಇಳಿಸುತ್ತಿದ್ದ ಒಬ್ಬನೇ ವೀರ ಇದ್ದದ್ದು ದೇವಸ್ಥಾನದ ಒಳಗಲ್ಲ, ಬಸ್ ನಿಲ್ದಾಣದ ಹತ್ತಿರ, ಗಂಗಾಧರೇಶ್ವರ ಭೋಜನಾಲಯದ ಊಟದ ಹಾಲ್‌ನಲ್ಲಿ. ಹೆಸರು ಷಡಕ್ಷರಪ್ಪ. ಆಯುಧ ರಾಗಿಮುದ್ದೆ.

ಷಡಕ್ಷರಪ್ಪನಿಗೆ ಒಂದು ಸಣ್ಣ ಚಾಳಿ ಇತ್ತು. ಉಣ್ಣುವವರು ‘ಸಾಕು’ ಎಂದರೆ ಅವನ ಕಿವಿಗೆ ಬೀಳುತ್ತಿರಲಿಲ್ಲ. ಕಿವುಡನೇ ಎಂದರೆ ಅಲ್ಲ. ಅಡುಗೆಮನೆಯ ಒಗ್ಗರಣೆಯಲ್ಲಿ ಸಾಸಿವೆ ಸಿಡಿದದ್ದು ಕೇಳುತ್ತಿತ್ತು. ಜಾವಗಲ್ ಕಡೆಯಿಂದ ಬರುವ ಬಸ್ಸು ತಿರುವಿನಲ್ಲಿ ಗೇರು ಬದಲಿಸಿದ್ದು ಕೇಳುತ್ತಿತ್ತು. ಮೂಲೆಯ ಎಲೆಯಲ್ಲಿ ಯಾರೋ ಪಿಸುಗುಟ್ಟಿ ‘ಉಪ್ಪು’ ಎಂದರೂ ಕೇಳುತ್ತಿತ್ತು. ‘ಸಾಕು’ ಎಂಬುದೊಂದು ಮಾತ್ರ ಗಾಳಿಯಲ್ಲೇ ಕರಗಿಹೋಗುತ್ತಿತ್ತು.

ಈ ಚಾಳಿ ಕಾಲಕ್ರಮದಲ್ಲಿ ಪುರಾಣವಾಗಿ ಬೆಳೆಯಿತು. ಗರಡಿಯಲ್ಲಿ ಯಾರಿಗೂ ಬೆನ್ನು ತೋರಿಸದ ಒಬ್ಬ ಪೈಲ್ವಾನ ಇಲ್ಲಿ ಉಣ್ಣಲು ಕುಳಿತು, ಸೊಂಟದ ಬೆಲ್ಟು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಕೊನೆಗೆ ಎಂಜಲು ಕೈಯನ್ನೇ ಮುಗಿದು ಶರಣಾದನಂತೆ. ಬೇಲೂರು ಬಸ್ಸಿನ ಕಂಡಕ್ಟರೊಬ್ಬ ಊಟ ಮುಗಿಸಿ ಬಸ್ಸು ಹತ್ತಿದವನು ಸೀಟುಗಳ ನಡುವೆ ಸಿಕ್ಕಿಕೊಂಡು, ಹಿಂದಿನವರ ಟಿಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸಿದನಂತೆ. ಎಲೆಗೆ ಎರಡೂ ಕೈ ಅಡ್ಡ ಹಿಡಿದ ಹಠಮಾರಿ ಮೇಷ್ಟರೊಬ್ಬರ ಅಂಗೈ ಮೇಲೆಯೇ ಮುದ್ದೆ ಇಟ್ಟು, “ಬಿಸಿ ಐತೆ ಸಾ, ಬೇಗ ಎಲೆಗೆ ಹಾಕ್ಕಳಿ” ಎಂದನಂತೆ ಷಡಕ್ಷರಪ್ಪ. ಇದನ್ನು ಕಣ್ಣಾರೆ ಕಂಡೆವು ಎನ್ನುವವರು ಹಳೇಬೀಡಿನಲ್ಲಿ ಎಷ್ಟು ಜನ ಇದ್ದಾರೆಂದರೆ, ಅವರೆಲ್ಲ ಅವತ್ತು ಆ ಹಾಲ್‌ನಲ್ಲಿ ಹಿಡಿಸಿದ್ದಾದರೂ ಹೇಗೆ ಎಂಬುದೇ ಇನ್ನೊಂದು ಪವಾಡ.

ಇಷ್ಟಕ್ಕೂ ಇದರಲ್ಲಿ ಅವನ ತಪ್ಪೇನಿಲ್ಲ. ನಮ್ಮ ಕಡೆ ‘ಸಾಕು’ ಎನ್ನುವುದು ಹೊಟ್ಟೆ ಆಡುವ ಮಾತಲ್ಲ, ಮರ್ಯಾದೆ ಆಡುವ ಮಾತು. ಬಡಿಸಿದಷ್ಟನ್ನೂ ಸುಮ್ಮನೆ ಹಾಕಿಸಿಕೊಂಡರೆ ಉಣ್ಣುವವನು ಹೊಟ್ಟೆಬಾಕ. ಸಾಕು ಎಂದ ತಕ್ಷಣ ನಿಲ್ಲಿಸಿದರೆ ಬಡಿಸುವವನು ಜಿಪುಣ. ಆದ್ದರಿಂದ ಇವನು ಸಾಕು ಎನ್ನಬೇಕು, ಅವನು ಕೇಳಿಸಿಕೊಳ್ಳಬಾರದು. ಮುದ್ದೆ ಎಲೆಗೆ ಬಿದ್ದ ಮೇಲೆ ಇವನು “ಅಯ್ಯಯ್ಯೋ, ಏನ್ರೀ ಇದು ಅನ್ಯಾಯ” ಎಂದು ಗೋಳಾಡಿ, ಸಾರು ಕಲಸಿಕೊಂಡು ಸಂತೋಷವಾಗಿ ನುಂಗಬೇಕು. ಈ ಒಪ್ಪಂದವನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರಿಯೂ ಇಲ್ಲ.

ಷಡಕ್ಷರಪ್ಪ ಕಣಕಟ್ಟೆ ಕಡೆಯವನು. ಮೀಸೆ ಮೂಡುವ ವಯಸ್ಸಿನಲ್ಲಿ ಅರಸೀಕೆರೆಗೆ ಬಂದು, ರೈಲ್ವೆ ಸ್ಟೇಷನ್ ಹತ್ತಿರದ ಗಂಗಾಧರಪ್ಪನ ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತ. ಲೋಟದಿಂದ ಕಾಫಿಗೆ, ಕಾಫಿಯಿಂದ ತಟ್ಟೆಗೆ, ತಟ್ಟೆಯಿಂದ ಎಲೆಗೆ ಬಡ್ತಿ ಪಡೆದ. ತೊಂಬತ್ತರ ದಶಕದಲ್ಲಿ ಬೇಲೂರು, ಹಳೇಬೀಡುಗಳಿಗೆ ಪ್ರವಾಸಿಗಳು ಹೆಚ್ಚಾದಾಗ ಗಂಗಾಧರಪ್ಪ ಹಳೇಬೀಡಿನಲ್ಲಿ ಒಂದು ಶಾಖೆ ತೆರೆದು, ಅಲ್ಲಿನ ಊಟದ ಹಾಲ್ ಅನ್ನು ಅವನ ಕೈಗೆ ಒಪ್ಪಿಸಿದ. ಷಡಕ್ಷರಪ್ಪ ಹೆಂಡತಿ ರುದ್ರಮ್ಮನನ್ನೂ ಕರೆತಂದು ಹಿಂದಿನ ಬೀದಿಯಲ್ಲಿ ಮನೆ ಮಾಡಿದ. “ಊರೋರ್ಗೆಲ್ಲ ಬಲವಂತ ಮಾಡಿ ಬಡಿಸ್ತಾನೆ, ಮನೇಲಿ ಒಂದ್ ಲೋಟ ನೀರು ಬಗ್ಗಿಸ್ಕೊಡಲ್ಲ” ಎಂಬುದು ರುದ್ರಮ್ಮನ ಒಂದೇ ದೂರು. ಅದನ್ನು ಆಕೆ ಬಾವಿಕಟ್ಟೆಯಲ್ಲಿ ಮಾತ್ರ ಹೇಳುತ್ತಿದ್ದುದರಿಂದ ಭೋಜನಾಲಯದ ಹೆಸರಿಗೆ ಏನೂ ಧಕ್ಕೆಯಾಗಿರಲಿಲ್ಲ.

ಗಂಗಾಧರಪ್ಪನಿಗೆ ಆಗ ಎರಡು ಹೋಟೆಲು ಮತ್ತು ಅರಸೀಕೆರೆಯಲ್ಲಿ ಒಂದು ಕೊಬ್ಬರಿ ಗೋಡೌನು. ಎರಡು ಹೋಟೆಲಿಗೆ ಒಂದು ಗೋಡೌನು ಸೇರಿದರೆ ಕಂಪನಿ ಆಗುತ್ತದೆ ಎಂದು ಯಾರು ಹೇಳಿದರೋ, ಎರಡು ಸಾವಿರದ ಏಳರಲ್ಲಿ ಬೋರ್ಡು ಬದಲಾಗಿ ‘ಗಂಗಾಧರೇಶ್ವರ ಗ್ರೂಪ್ಸ್’ ಆಯಿತು. ಮಗ ಮಹಾಂತೇಶ ಡೈರೆಕ್ಟರ್ ಆದ. ಹಾಸನದಲ್ಲಿ ಓದಿದ್ದ ಸೊಸೆ ಪುಷ್ಪಲತಾ ಕಂಪ್ಯೂಟರ್ ಮುಂದೆ ಕುಳಿತು ಲೆಕ್ಕ, ಟೂರಿಸ್ಟ್ ಬಸ್ಸಿನವರ ಬುಕಿಂಗು ಎಲ್ಲ ನೋಡಿಕೊಳ್ಳತೊಡಗಿದಳು. ಷಡಕ್ಷರಪ್ಪನಿಗೆ ‘ಸೂಪರ್‌ವೈಸರ್’ ಎಂದು ಬರೆದ ಬಿಲ್ಲೆ ಬಂತು. ಬಗ್ಗಿ ಬಡಿಸುವಾಗ ಅದು ಸಾರಿಗೆ ಅದ್ದುತ್ತಿದ್ದುದರಿಂದ ಅವನು ಅದನ್ನು ಜೇಬಿನೊಳಗೆ ಇಟ್ಟುಕೊಂಡ.

ಎರಡು ಸಾವಿರದ ಎಂಟರ ಚಳಿಗಾಲದ ಒಂದು ಭಾನುವಾರ, ಕತ್ತಿನಲ್ಲಿ ಕ್ಯಾಮೆರಾ ತೂಗುಹಾಕಿಕೊಂಡ ಒಬ್ಬ ಯುವಕ ಒಂಟಿಯಾಗಿ ಬಂದು ಕಿಟಕಿ ಪಕ್ಕದ ಎಲೆಗೆ ಕುಳಿತ. ಒಂದು ಮುದ್ದೆ ಉಂಡ. ಷಡಕ್ಷರಪ್ಪ ಎರಡನೆಯದನ್ನು ಹಿಡಿದು ಬಂದಾಗ “ಸಾಕು” ಎಂದ. ಮುದ್ದೆ ಬಿತ್ತು. ಮೂರನೆಯದಕ್ಕೆ “ಇಲ್ಲ ಇಲ್ಲ, ನಿಜವಾಗ್ಲೂ ಸಾಕು” ಎಂದ.

ನಿಜವಾಗ್ಲೂ! ಎಷ್ಟು ಸಂಸ್ಕಾರವಂತ ಹುಡುಗ, ಎಷ್ಟು ಸಂಕೋಚ! ಷಡಕ್ಷರಪ್ಪನ ಮನಸ್ಸು ಕರಗಿ, ಮುದ್ದೆಯ ಜೊತೆಗೆ ಒಂದು ಮಿಳ್ಳೆ ತುಪ್ಪವನ್ನೂ ಸುರಿದ.

ಆ ಯುವಕ ಅಲ್ಲಿಂದ ಎದ್ದು ದೇವಸ್ಥಾನದ ಹುಲ್ಲುಹಾಸಿನವರೆಗೆ ನಡೆದ. ಗುಡಿಯ ಜಗತಿಕಟ್ಟೆಯ ಮೆಟ್ಟಿಲನ್ನು ಒಮ್ಮೆ ನೋಡಿದ. ಐದು ನಿಮಿಷ ಕೂತು ಹತ್ತೋಣ ಎಂದು ಮರದ ಕೆಳಗೆ ಕುಳಿತ. ಕುಳಿತವನು ಒರಗಿದ, ಒರಗಿದವನು ಮಲಗಿದ. ಎದ್ದದ್ದು ಕಾವಲುಗಾರ ಬಾಗಿಲು ಹಾಕುವ ಸೀಟಿ ಊದಿದಾಗ.

ಆ ದಿನಗಳಲ್ಲಿ ನಮ್ಮ ಜಿಲ್ಲೆಯ ಹುಡುಗರೆಲ್ಲ ಆರ್ಕುಟ್ ಎಂಬ ಇಂಟರ್ನೆಟ್ಟಿನ ಹೊಸ ಅರಳಿಕಟ್ಟೆಯ ಮೇಲೆ ಕೂರುತ್ತಿದ್ದರು. ಮಾರನೆಯ ದಿನ ಅಲ್ಲಿ ಒಂದು ಫೋಟೋ ಕಾಣಿಸಿತು: ಷಡಕ್ಷರಪ್ಪ, ಮುಖದ ತುಂಬ ನಗು, ತಲೆಯ ಮಟ್ಟಕ್ಕೆ ಎತ್ತಿದ ಕೈಯಲ್ಲಿ ಹೊಗೆಯಾಡುವ ಮುದ್ದೆ. ಕೆಳಗೆ ‘ಏಕಾಂಗಿ ಸಂಚಾರಿ’ ಎಂಬ ಹೆಸರಿನಲ್ಲಿ ಹೀಗೆ ಬರೆದಿತ್ತು:

“ಹೊಯ್ಸಳರ ಶಿಲ್ಪ ನೋಡಲು ಹೋದೆ. ನೋಡಿದ್ದು ಒಂದು ಮರದ ಕೊಂಬೆಗಳನ್ನು, ಅದೂ ಕೆಳಗಿನಿಂದ. ಗಂಗಾಧರೇಶ್ವರ ಭೋಜನಾಲಯಕ್ಕೆ ಹೋಗುವವರು ಎಚ್ಚರ. ಅಲ್ಲೊಬ್ಬರಿಗೆ ಸಾಕು ಎಂಬ ಪದ ಗೊತ್ತಿಲ್ಲ. ಇದು ಉಪಚಾರವಲ್ಲ, ದಾಳಿ.”

ಅದರ ಕೆಳಗೆ ಗಾಯಾಳುಗಳ ಮೆರವಣಿಗೆ ಹೊರಟಿತು. ನಾನೂ ಅಲ್ಲಿ ಉಂಡು ಬಸ್ಸು ತಪ್ಪಿಸಿಕೊಂಡೆ ಎಂದು ಒಬ್ಬ. ನಿಶ್ಚಿತಾರ್ಥಕ್ಕೆ ಹೋಗುವ ದಾರಿಯಲ್ಲಿ ಉಂಡು ಹುಡುಗಿಯ ಮುಂದೆ ತೂಕಡಿಸಿದೆ ಎಂದು ಇನ್ನೊಬ್ಬ. ವಾರ ಕಳೆಯುವುದರೊಳಗೆ ಟೂರಿಸ್ಟ್ ಬಸ್ಸಿನ ಏಜೆಂಟ್ ಹಾಸನದಿಂದ ಫೋನ್ ಮಾಡಿ, “ಯಜಮಾನ್ರೇ, ನಮ್ ಪಾರ್ಟಿಯೋರು ಅದೇನೋ ಓದ್ಬಿಟ್ಟು ಬೇರೆ ಹೋಟ್ಲಿಗೆ ನಿಲ್ಸಿ ಅಂತಾವ್ರೆ. ಸರಿ ಮಾಡ್ಕಳಿ” ಎಂದ.

ಗಂಗಾಧರಪ್ಪನ ಮನೆತನಕ್ಕೆ ದೂರುಗಳೇನೂ ಹೊಸದಲ್ಲ. ಅವನ್ನು ನಿಭಾಯಿಸಲು ಅವರಲ್ಲಿ ತಾತನ ಕಾಲದ ಒಂದು ಕ್ರಮವೇ ಇತ್ತು. ದೂರಿದವನನ್ನು ಗಲ್ಲಾಪೆಟ್ಟಿಗೆಯ ಪಕ್ಕ ಫ್ಯಾನಿನ ಕೆಳಗೆ ಕೂರಿಸಬೇಕು. ಕೈಗೆ ಬಾಳೆಹಣ್ಣು ಕೊಡಬೇಕು. ಯಾವೂರು, ಯಾರ ಮಗ, ತೋಟ ಎಲ್ಲಿ ಎಂದು ಕೇಳುತ್ತ ಹೋದರೆ ಅವನ ಚಿಕ್ಕಮ್ಮನನ್ನು ಕೊಟ್ಟ ಊರಿನಲ್ಲಿ ಇವರ ಭಾವನ ಬೀಗರು ಸಿಕ್ಕೇ ಸಿಗುತ್ತಾರೆ. ನೆಂಟಸ್ತನ ಸಿಕ್ಕ ಮೇಲೆ ಸಾರಿನಲ್ಲಿ ಉಪ್ಪು ಹೆಚ್ಚಾಗಿತ್ತು ಎಂದು ಯಾವನು ಹೇಳುತ್ತಾನೆ? ಅಂಥ ಕ್ರಮ ಈಗ ಮೊದಲ ಮೆಟ್ಟಿಲಲ್ಲೇ ಮುಗ್ಗರಿಸಿತು.

“ಯಾರಮ್ಮ ಇವ್ನು?” ಎಂದು ಕೇಳಿದ ಗಂಗಾಧರಪ್ಪ, ಕಂಪ್ಯೂಟರಿನ ಮುಂದೆ ಕುಳಿತಿದ್ದ ಸೊಸೆಯನ್ನು.

“ಏಕಾಂಗಿ ಸಂಚಾರಿ ಅಂತ ಮಾವ.”

“ಅದೊಂದ್ ಹೆಸ್ರಾ? ಅವ್ರಪ್ಪ ಯಾರು?”

“ಇದರಲ್ಲಿ ಅಪ್ಪನ ಹೆಸರು ಹಾಕೋದಿಲ್ಲ.”

“ಊರು?”

“‘ದಾರಿಯೇ ನನ್ನೂರು’ ಅಂತ ಹಾಕ್ಕೊಂಡಿದ್ದಾನೆ.”

ಗಂಗಾಧರಪ್ಪ ಕನ್ನಡಕ ತೆಗೆದು ಒರೆಸಿದ. “ಅಪ್ಪ ಇಲ್ಲ, ಊರಿಲ್ಲ, ದೂರು ಮಾತ್ರ ಐತೆ! ಇಂಥೋನ ಜೊತೆ ವ್ಯಾಪಾರಸ್ಥ ಏನ್ ಮಾತಾಡ್ಬೇಕು?” ಮಾತಾಡಲು ಆಗದಿದ್ದರೂ ಏನಾದರೂ ಮಾಡಲೇಬೇಕಿತ್ತು. ಅವನು ಷಡಕ್ಷರಪ್ಪನನ್ನು ಕರೆಸಿದ.

“ನೋಡಪ್ಪ, ನಾಳೆಯಿಂದ ಹಾಲ್‌ನಲ್ಲಿ ಹೊಸ ರೂಲು. ಒಂದ್ ಸಲ ಸಾಕು ಅಂದ್ರೆ ನಿಲ್ಸಿಬಿಡ್ಬೇಕು. ನೀನು ಬಡಿಸೋದೇ ಬೇಡ, ಸ್ಟೂಲ್ ಮೇಲೆ ಕೂತ್ಕಂಡು ನೋಡ್ಕಂತಿರು. ಯುಗಾದಿ ಹೊತ್ಗೆ ಆ ಹುಡುಗ ದೂರು ವಾಪಸ್ ತಗೊಂಡ್ರೆ ಸರಿ. ಇಲ್ಲಾಂದ್ರೆ ನೀನು ಅರಸೀಕೆರೆ ಗೋಡೌನಿಗೆ ಹೋಗಿ ಮೂಟೆ ಹೊಲಿಸು. ಸಂಬಳ ಅದೇ.”

ಷಡಕ್ಷರಪ್ಪನ ಮುಖ ಇಳಿಯಿತು. “ಯಜಮಾನ್ರೇ, ಕಾಫಿ ಕಾಯ್ಸು ಅನ್ನಿ, ಕಾಯ್ಸ್ತೀನಿ. ಲೋಟ ತೊಳಿ ಅನ್ನಿ, ವಾಪಸ್ ಅಲ್ಲಿಗೇ ಹೋಯ್ತೀನಿ. ಗೋಡೌನಿಗೆ ಮಾತ್ರ ಬೇಡಿ. ನಾನು ಹಾಲ್ ಬಿಟ್ಟು ಬದುಕಕ್ಕಿಲ್ಲ.”

ಈ ಮಾತು ಕೇಳಿ ಅಡುಗೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಈರುಳ್ಳಿ ಹೆಚ್ಚುವ ಹೊತ್ತೂ ಆಗಿತ್ತು ಅನ್ನಿ. ಕಲೆಗಾಗಿ ಪ್ರಾಣ ಬಿಡುವವರ ಕಥೆಗಳನ್ನು ಕೇಳಿದ್ದ ಆ ಊರು, ಅಂಥವನೊಬ್ಬ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತದ್ದನ್ನು ಈಗ ಕಂಡಿತು.

ಇತ್ತ ಡೈರೆಕ್ಟರ್ ಮಹಾಂತೇಶ ಸುಮ್ಮನೆ ಕೂರುವ ಕುಳವಲ್ಲ. ಬೈದವರ ಬಾಯಿ ಮುಚ್ಚಿಸಲು ಹೊಗಳುವವರನ್ನು ತರಬೇಕು, ಹೊಗಳುವವರು ಇಲ್ಲದಿದ್ದರೆ ನಾವೇ ಆಗಬೇಕು ಎಂಬುದು ಅವನ ಸಿದ್ಧಾಂತ. ಹೆಂಡತಿಗೂ ಹೇಳದೆ ಸೈಬರ್ ಕೆಫೆಯಲ್ಲಿ ಕುಳಿತು ಹತ್ತಾರು ಹೆಸರುಗಳಲ್ಲಿ ಭೋಜನಾಲಯವನ್ನು ಹಾಡಿ ಹೊಗಳಿದ. ಅವುಗಳಲ್ಲಿ ಶಿರೋಮಣಿ ಎಂದರೆ ಲಂಡನ್ನಿನ ಮಾರ್ಗರೆಟ್:

“ನಾನು ಲಂಡನ್ನಿನಿಂದ ಬಂದವಳು. ಷಡಕ್ಷರಪ್ಪನವರ ಉಪಚಾರ ಕಂಡು ನನ್ನ ತವರುಮನೆ ನೆನಪಾಯಿತು. ಬಾಣಾವರದ ರೈಲ್ವೆ ಗೇಟು ಹಾಕಿದ್ದರಿಂದ ಸ್ವಲ್ಪ ತಡವಾಯಿತಾದರೂ ಮುದ್ದೆ ಬಿಸಿಯಾಗಿಯೇ ಇತ್ತು.”

ಕೆಳಗೆ ಏಕಾಂಗಿ ಸಂಚಾರಿಯ ಉತ್ತರ ಬಂತು: “ಮಾರ್ಗರೆಟ್ ಅಕ್ಕಾ, ಲಂಡನ್ನಿಂದ ಹಳೇಬೀಡಿಗೆ ಬಾಣಾವರದ ಗೇಟು ದಾಟಿಕೊಂಡು ಬಂದ್ರಾ? ನಮ್ಮನೆ ಗೇಟಿನ ಪಕ್ಕದಲ್ಲೇ ಇರೋದು. ಕಾಫಿ ಕುಡ್ಕೊಂಡು ಹೋಗ್ಬಹುದಿತ್ತು.”

ಜಿಲ್ಲೆಯೆಲ್ಲ ನಕ್ಕಿತು. ಪುಷ್ಪಲತಾ ನಗಲಿಲ್ಲ. ಆ ಸಂಜೆ ಗಂಡನ ಮುಂದೆ ಕಾಫಿ ಲೋಟ ಇಟ್ಟು, “ತಗೊಳ್ಳಿ ಮಾರ್ಗರೆಟ್” ಎಂದಳು. ಮಹಾಂತೇಶ ಆಮೇಲೆ ಕಂಪ್ಯೂಟರಿನ ಹತ್ತಿರ ಸುಳಿಯಲಿಲ್ಲ.

ಹಳೇಬೀಡಿನ ಹಾಲ್‌ನಲ್ಲಿ ಹೊಸ ರೂಲು ಚೆನ್ನಾಗಿಯೇ ನಡೆಯುತ್ತಿತ್ತು. ಎಷ್ಟು ಚೆನ್ನಾಗಿ ಎಂಬುದು ಒಂದು ಮಧ್ಯಾಹ್ನ ತಿಳಿಯಿತು. ಕಣಕಟ್ಟೆಯ ದೊಡ್ಡ ತೆಂಗಿನ ಬೆಳೆಗಾರ ಸಿದ್ದಬಸಪ್ಪ ಬೇಲೂರಿನಲ್ಲಿ ಮದುವೆ ಮಾತುಕತೆ ಮುಗಿಸಿ, ನಾಲ್ಕು ಜನ ಬೀಗರನ್ನು ಕಟ್ಟಿಕೊಂಡು ಊಟಕ್ಕೆ ಬಂದ. ಹೊಟ್ಟೆ ತುಂಬ ಹಸಿವು. ಒಂದು ಮುದ್ದೆ ಮುಗಿಯಿತು. ಬಡಿಸುವವನು ಎರಡನೆಯದು ತಂದ. ಹೊಸ ಬೀಗರ ಮುಂದೆ ಮರ್ಯಾದೆ ಬೇಡವೇ? ಸಿದ್ದಬಸಪ್ಪ ಎಲೆಗೆ ಕೈ ಅಡ್ಡ ಹಿಡಿದು, “ಏ ಸಾಕು, ಸಾಕು” ಎಂದ. ಬೀಗರೂ “ನಮಗೂ ಸಾಕು” ಎಂದರು.

ಬಡಿಸುವವನು ಮುದ್ದೆ ತೆಗೆದುಕೊಂಡು ಹೊರಟೇಹೋದ.

ಸಿದ್ದಬಸಪ್ಪನ ಕೈ ಎಲೆಯ ಮೇಲೆ ಹಾಗೆಯೇ ಉಳಿಯಿತು. ಅವನು ಸ್ಟೂಲಿನ ಕಡೆ ನೋಡಿದ. ಷಡಕ್ಷರಪ್ಪ ಎದ್ದ, ಗೋಡೌನು ನೆನಪಾಗಿ ಮತ್ತೆ ಕುಳಿತ. ಐದು ಜನ ದೊಡ್ಡ ಮನುಷ್ಯರು ಮಜ್ಜಿಗೆ ಕುಡಿದು ಎದ್ದರು.

ಆರ್ಕುಟ್‌ಗಿಂತ ಹಳೆಯ, ಅದಕ್ಕಿಂತ ವೇಗದ ಒಂದು ಜಾಲ ಅರಸೀಕೆರೆಯಲ್ಲಿದೆ. ಅದರ ಹೆಸರು ಕೊಬ್ಬರಿ ಮಾರುಕಟ್ಟೆ. ಹರಾಜಿನ ದಿನ ಸಿದ್ದಬಸಪ್ಪ ಮೂಟೆಗಳ ನಡುವೆ ನಿಂತು ಸಾರಿದ: “ಗಂಗಾಧರಪ್ಪನ ಹೋಟ್ಲು ಕೆಟ್ಟೋಯ್ತು ಕಣ್ರೀ! ಸಾಕು ಅಂದ್ರೆ ನಿಜವಾಗ್ಲೂ ನಿಲ್ಲಿಸ್ಬಿಡ್ತಾರೆ!”

“ನಿಜವಾಗ್ಲೂ?” ಎಂದರು ಕೇಳಿದವರು. ಅಷ್ಟು ಅಧೋಗತಿಯನ್ನು ಯಾರೂ ಊಹಿಸಿರಲಿಲ್ಲ.

ಈಗ ಗಂಗಾಧರಪ್ಪನ ಮುಂದೆ ಎರಡು ದೂರುಗಳು. ಒಂದು, ಬಡಿಸುತ್ತಾರೆ ಎಂದು. ಇನ್ನೊಂದು, ಬಡಿಸುವುದಿಲ್ಲ ಎಂದು. ಅವನು ತಲೆ ಮೇಲೆ ಕೈಹೊತ್ತು ಕೂತ. ಪುಷ್ಪಲತಾ ಷಡಕ್ಷರಪ್ಪನನ್ನೇ ಕೇಳಿ ನೋಡಿದಳು: “ಯಾರು ಸುಮ್ನೆ ಸಾಕು ಅಂತಾರೆ, ಯಾರು ನಿಜಕ್ಕೂ ಸಾಕು ಅಂತಾರೆ, ನಿಮಗೆ ಹೇಗೆ ಗೊತ್ತಾಗ್ತಿತ್ತು?”

“ಗೊತ್ತಾಗ್ತಿರ್ಲಿಲ್ಲ ಕಣ್ರವ್ವ. ಎಲ್ಲಾರ್ಗೂ ಹಾಕ್ತಿದ್ದೆ.”

ಪುಷ್ಪಲತಾ ಮತ್ತೆ ಕಂಪ್ಯೂಟರಿಗೆ ಬಂದು ಬೈಗುಳವನ್ನೆಲ್ಲ ಮೊದಲಿನಿಂದ ಓದಿದಳು. ಮಾರ್ಗರೆಟ್‌ಗೆ ಸಿಕ್ಕ ಉತ್ತರದ ಹತ್ತಿರ ನಿಂತಳು. “ಮಾವ, ಈ ಹುಡುಗನ ಮನೆ ಬಾಣಾವರದಲ್ಲಿ, ಗೇಟಿನ ಪಕ್ಕ.”

ಗಂಗಾಧರಪ್ಪನ ಬೆನ್ನು ನೆಟ್ಟಗಾಯಿತು. “ಹಂಗಾದ್ರೆ ಅವ್ನಿಗೆ ಊರೈತೆ! ಅಪ್ಪನೂ ಇರ್ತಾನೆ! ಗಾಡಿ ತೆಗಿರಿ.” ಸೊಸೆಯನ್ನೂ ಷಡಕ್ಷರಪ್ಪನನ್ನೂ ಕೂರಿಸಿಕೊಂಡು, ಒಂದು ಗೊನೆ ಬಾಳೆಹಣ್ಣು ಇಟ್ಟುಕೊಂಡು, ಕಂಪನಿ ಬಾಣಾವರಕ್ಕೆ ದಂಡೆತ್ತಿ ಹೊರಟಿತು.

ಗೇಟಿನ ಪಕ್ಕದ ಮನೆಯ ಬಾಗಿಲು ತೆರೆದದ್ದು ಕ್ಯಾಮೆರಾದ ಹುಡುಗನೇ. ಹೆಸರು ಸಮ್ಯಕ್, ಹಾಸನದ ಒಂದು ಬ್ಯಾಂಕಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ. ಷಡಕ್ಷರಪ್ಪನನ್ನು ಕಂಡದ್ದೇ ಒಂದು ಹೆಜ್ಜೆ ಹಿಂದೆ ಸರಿದು, ಅವನ ಕೈಗಳು ಖಾಲಿ ಇವೆಯೇ ಎಂದು ನೋಡಿದ. ತಂದೆ ದೇವರಾಜ್ ಅಂಚೆ ಇಲಾಖೆಯಲ್ಲಿದ್ದರು. ತಾಯಿ ಮಂಜುಳಾ ಅಲ್ಲಿನ ಶಾಲೆಯಲ್ಲಿ ಟೀಚರು. ಗೋಡೆಯ ಮೇಲೆ ಬುದ್ಧ ಕಣ್ಣು ಮುಚ್ಚಿ ಕುಳಿತಿದ್ದ. ಕೆಳಗೆ ಎಲ್ಲರೂ ಕುಳಿತರು.

ಗಂಗಾಧರಪ್ಪ ತಾತನ ಕ್ರಮವನ್ನು ಶುರುಮಾಡಿದ. ನಿಮ್ಮ ಮೂಲ ಯಾವೂರು, ಅತ್ತೆಮನೆ ಎಲ್ಲಿ ಎಂದು ಕೇಳುತ್ತ ಹೋದ. ದೇವರಾಜ್ ಸಮಾಧಾನವಾಗಿ ಹೇಳುತ್ತ ಹೋದರು. ಎರಡೂ ಕುಲಗಳು ಎಲ್ಲಿಯೂ ಕೂಡುವ ಲಕ್ಷಣ ಕಾಣಲಿಲ್ಲ. ನೆಂಟಸ್ತನದ ದಾರಿ ಮುಗಿದು ಗಂಗಾಧರಪ್ಪ ಬಾಳೆಹಣ್ಣಿನ ಗೊನೆಯನ್ನು ನೋಡುತ್ತ ಕುಳಿತ. ದೇವರಾಜ್ ನಗುತ್ತ, “ನೆಂಟರಾಗ್ದೇ ಇದ್ರೂ ಮಾತಾಡ್ಬಹುದು ಹೇಳಿ ಯಜಮಾನ್ರೇ” ಎಂದರು.

ಅಷ್ಟರಲ್ಲಿ ಮಂಜುಳಾ ಉಪ್ಪಿಟ್ಟು ತಂದಿಟ್ಟಳು. ಎಲ್ಲರೂ ತಿಂದರು. ಆಕೆ ಎರಡನೆಯ ಸಲ ಪಾತ್ರೆ ಹಿಡಿದು ಬಂದಾಗ ಗಂಗಾಧರಪ್ಪ, “ಸಾಕಮ್ಮ, ಸಾಕು” ಎಂದ. ದೊಡ್ಡ ಸೌಟಿನ ಉಪ್ಪಿಟ್ಟು ತಟ್ಟೆಗೆ ಬಿತ್ತು.

“ಅಮ್ಮಾ, ಸಾಕು ಅಂದ್ರಲ್ಲ ಅವರು” ಎಂದ ಸಮ್ಯಕ್.

“ನೀನ್ ಸುಮ್ನಿರೋ. ದೊಡ್ಡೋರು ಸಾಕು ಅನ್ದೆ ಇನ್ನೇನು, ‘ತಗೊಂಬಾ ಇನ್ನೊಂದಿಷ್ಟು’ ಅಂತಾರಾ?” ಎಂದು ಆಕೆ ಷಡಕ್ಷರಪ್ಪನ ತಟ್ಟೆಗೂ ಒಂದು ಸೌಟು ಹಾಕಿದಳು.

ಷಡಕ್ಷರಪ್ಪ ಉಪ್ಪಿಟ್ಟನ್ನು ನೋಡಿದ. ಗಂಗಾಧರಪ್ಪ ಸಮ್ಯಕ್‌ನನ್ನು ನೋಡಿದ. ಸಮ್ಯಕ್ ಗೋಡೆಯ ಗಡಿಯಾರ ನೋಡಿದ. ಮೊದಲು ನಕ್ಕವಳು ಪುಷ್ಪಲತಾ. ಅವಳು ನಗಲು ಶುರುಮಾಡಿದ ಮೇಲೆ ಯಾರಿಗೂ ತಡೆಯಲಾಗಲಿಲ್ಲ. ಏನು ತಪ್ಪು ಮಾಡಿದೆನೋ ಎಂದು ಮಂಜುಳಾ ಮಾತ್ರ ಸೌಟು ಹಿಡಿದು ನಿಂತಿದ್ದಳು.

“ಅದೆಲ್ಲ ಸರಿ ಮೇಡಂ,” ಎಂದ ಸಮ್ಯಕ್, ನಗು ನಿಲ್ಲಿಸಿ. “ಆದ್ರೆ ನಾನು ಬರೆದದ್ದು ಸುಳ್ಳಲ್ಲ. ಅವತ್ತು ನನಗೆ ನಿಜಕ್ಕೂ ಸಾಕಾಗಿತ್ತು. ಅಳಿಸು ಅಂದ್ರೆ ಅಳಿಸೋದಿಲ್ಲ.”

“ಅಳಿಸ್ಬೇಡಿ. ಅದು ಅಲ್ಲೇ ಇರಲಿ. ಅದರ ಕೆಳಗೆ ನಾವೂ ಒಂದು ಬರೀತೀವಿ.”

ಅವತ್ತು ಸಂಜೆ ಪುಷ್ಪಲತಾ ಕಂಪನಿಯ ಪರವಾಗಿ ಬರೆದದ್ದು ಇಷ್ಟು:

“ನೀವು ಬರೆದದ್ದು ನಿಜ. ನೀವು ಶಿಲ್ಪ ನೋಡಲಾಗದ್ದಕ್ಕೆ ಕ್ಷಮಿಸಿ. ಮಾರ್ಗರೆಟ್ ನಮ್ಮ ಮನೆಯವರೇ, ಅವರಿಗೂ ಬುದ್ಧಿ ಹೇಳಿದ್ದೇವೆ. ನಮ್ಮ ಭೋಜನಾಲಯದಲ್ಲಿ ಮೊದಲನೆಯ ‘ಸಾಕು’ ಲೆಕ್ಕಕ್ಕಿಲ್ಲ. ನಿಜಕ್ಕೂ ಸಾಕಾದವರು ಮಾತಾಡಬೇಡಿ, ಎಲೆ ಮಡಿಸಿಬಿಡಿ. ಮಡಿಸಿದ ಎಲೆಗೆ ಬಡಿಸಿದರೆ ನನಗೇ ಫೋನ್ ಮಾಡಿ. ಪುಷ್ಪಲತಾ.”

ಹಾಲ್‌ನ ಗೋಡೆಯ ಮೇಲೂ ಇದೇ ಮಾತಿನ ಬೋರ್ಡು ಬಂತು. ಆರ್ಕುಟ್ ಕಟ್ಟೆಯ ಹುಡುಗರು ಮೊದಲು ನಕ್ಕರು, ಆಮೇಲೆ ನೋಡೋಣ ಎಂದು ಗುಂಪುಕಟ್ಟಿಕೊಂಡು ಬಂದರು. ಸಾಕು ಎಂದು ಕೂಗುವುದು, ಬೋರ್ಡಿನ ಕಡೆ ನೋಡುವುದು, ಎಲೆ ಮಡಿಸುವುದು, ಇವೆಲ್ಲ ಒಂದು ಆಟವಾಯಿತು. ಸಿದ್ದಬಸಪ್ಪ ಬೀಗರನ್ನು ಮತ್ತೆ ಕರೆತಂದು, ಎದೆತುಂಬಿ ಸಾಕು ಸಾಕು ಎಂದು ಹೇಳಿ, ಬೇಕಾದಷ್ಟು ಉಂಡು ಹೋದ. ಆದರೆ ಗಂಗಾಧರಪ್ಪ ಹಳೇ ವ್ಯಾಪಾರಸ್ಥ. “ಆ ಹುಡುಗ ಇನ್ನೊಂದ್ ಸಲ ಬಂದು ಉಂಡು, ಬಾಯ್ಬಿಟ್ಟು ಹೇಳ್ಲಿ. ಅಲ್ಲೀವರ್ಗೂ ಷಡಕ್ಷರಿ ಸ್ಟೂಲ್ ಮೇಲೇ ಇರ್ಲಿ” ಎಂದ. ಯುಗಾದಿ ಹತ್ತಿರ ಬರುತ್ತಿತ್ತು.

ಯುಗಾದಿಗೆ ಮುಂಚಿನ ಭಾನುವಾರ ಸಮ್ಯಕ್ ಬಂದ. ಈ ಸಲ ಜಾಣನಾಗಿ ಮೊದಲು ದೇವಸ್ಥಾನ ನೋಡಿ, ಫೋಟೋ ತೆಗೆದು, ಆಮೇಲೆ ಊಟಕ್ಕೆ ಬಂದ. ಗಂಗಾಧರಪ್ಪ ಗಲ್ಲಾಪೆಟ್ಟಿಗೆಯಿಂದ ಎದ್ದು ನಿಂತ. ಸೊಸೆ ಕಿಟಕಿಯ ಹತ್ತಿರ ನಿಂತಳು. ಅಡುಗೆಯವರು ಬಾಗಿಲಲ್ಲಿ ಸೇರಿದರು. ಷಡಕ್ಷರಪ್ಪ ಸ್ಟೂಲಿನಿಂದ ಇಳಿದು, ಒದ್ದೆ ಮಾಡಿಕೊಂಡ ಕೈಯಲ್ಲಿ ಮುದ್ದೆ ಹಿಡಿದು ರಣರಂಗಕ್ಕೆ ಬಂದ.

ಒಂದು ಮುದ್ದೆ ಮುಗಿಯಿತು. “ಸಾಕು” ಎಂದ ಸಮ್ಯಕ್, ಬೋರ್ಡಿನ ಕಡೆ ನೋಡಿ. ಎರಡನೆಯದು ಬಿತ್ತು. ಅದನ್ನೂ ಉಂಡ. ಮೂರನೆಯದು ಗಾಳಿಯಲ್ಲಿ ಬರುತ್ತಿತ್ತು. ಸಮ್ಯಕ್ ಮಾತಾಡಲಿಲ್ಲ. ಎರಡೂ ಕೈಯಿಂದ ಎಲೆಯ ಅಂಚು ಹಿಡಿದು ನಿಧಾನವಾಗಿ ತನ್ನ ಕಡೆಗೆ ಮಡಿಸಿದ.

ಮುದ್ದೆ ಎಲೆಯ ಮೇಲೆ ಒಂದು ಗೇಣಿನ ಎತ್ತರದಲ್ಲಿ ನಿಂತಿತು. ಹಾಲ್‌ನಲ್ಲಿ ಯಾರೂ ನುಂಗುತ್ತಿರಲಿಲ್ಲ. ಷಡಕ್ಷರಪ್ಪನ ಜೀವಮಾನದ ಅಭ್ಯಾಸವೆಲ್ಲ ಆ ಕೈಯನ್ನು ಕೆಳಕ್ಕೆ ಎಳೆಯುತ್ತಿತ್ತು; ಅರಸೀಕೆರೆಯ ಗೋಡೌನು ಮೇಲಕ್ಕೆ ಎಳೆಯುತ್ತಿತ್ತು. ಕೊನೆಗೆ ಕೈ ಮೇಲಕ್ಕೆ ಹೋಯಿತು, ಪಕ್ಕಕ್ಕೆ ತಿರುಗಿತು, ಏನೂ ಅರಿಯದೆ ಬಾಯಿ ತೆರೆದು ನೋಡುತ್ತಿದ್ದ ಪಕ್ಕದವನ ಎಲೆಗೆ ಮುದ್ದೆ ಇಳಿಯಿತು. ಇಡೀ ಹಾಲ್ ಚಪ್ಪಾಳೆ ತಟ್ಟಿತು.

ಸಮ್ಯಕ್ ಕೈತೊಳೆದು ಬಂದು, “ಊಟ ಚೆನ್ನಾಗಿತ್ತು ಯಜಮಾನ್ರೇ. ಇದನ್ನೂ ಬರೀತೀನಿ” ಎಂದ. ಗಂಗಾಧರಪ್ಪ ಅವನ ಕೈಗೆ ಬಾಳೆಹಣ್ಣು ಕೊಟ್ಟು, ಷಡಕ್ಷರಪ್ಪನ ಬೆನ್ನು ತಟ್ಟಿದ. “ಗೋಡೌನು ಇಲ್ಲ, ಗೀಡೌನು ಇಲ್ಲ. ನಿನ್ನ ಕೈಕಾಲು ಆಡೋವರ್ಗೂ ಈ ಹಾಲ್ ನಿಂದೇ ಕಣಯ್ಯ.”

ಷಡಕ್ಷರಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಬೆವರೋ ಕಣ್ಣೀರೋ ಎಂದು ಅಡುಗೆಯವರಲ್ಲಿ ಚರ್ಚೆ ಹುಟ್ಟಿತು.

ಸಮ್ಯಕ್ ಕ್ಯಾಮೆರಾ ಸರಿಮಾಡಿಕೊಂಡು ಷಡಕ್ಷರಪ್ಪನ ಕಡೆ ತಿರುಗಿದ. “ಒಂದು ಮಾತು ಕೇಳ್ಲಾ? ಇಷ್ಟೆಲ್ಲ ರಾದ್ಧಾಂತ ಆದ್ರೂ ನೀವು ಹಾಲ್ ಬಿಡೋಕೆ ಒಪ್ಪಲಿಲ್ಲವಂತೆ. ಬಂದವರಿಗೆಲ್ಲ ಇಷ್ಟು ಬಲವಂತ ಮಾಡಿ ಯಾಕೆ ಬಡಿಸ್ತೀರಿ? ಇದರ ಹಿಂದೆ ಏನಿದೆ?”

“ನಮ್ಮ ತಾತನ ಕಾಲದಿಂದ ಬಂದ ದಾಸೋಹದ ಪರಂಪರೆ!” ಎಂದ ಗಂಗಾಧರಪ್ಪ, ಎದೆಯುಬ್ಬಿಸಿ. “ಹಸಿದವನ ಮುಖದಲ್ಲಿ ಶಿವನನ್ನ ಕಾಣೋದು! ಹೇಳಪ್ಪ ಷಡಕ್ಷರಿ, ನೀನೇ ಹೇಳು.” ಬಾಗಿಲಲ್ಲಿದ್ದವರು ಒಂದು ಹೆಜ್ಜೆ ಮುಂದೆ ಬಂದರು.

ಷಡಕ್ಷರಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡ.

“ಅಂಥದ್ದೇನಿಲ್ಲ ಸಾ. ಮುದ್ದೆ ಮಿಕ್ಕಿದ್ರೆ ಕೆಲಸದೋರ್ಗೆ ಅದ್ನೇ ಹಾಕ್ತಾರೆ, ಖಾಲಿ ಆದ್ರೆ ಅನ್ನ ಇಡ್ತಾರೆ. ಆ ಗೋಡೌನಲ್ಲಿ ದಿನಾ ಮುದ್ದೇನೇ. ನಂಗೆ ಮುದ್ದೆ ಸೇರಕ್ಕಿಲ್ಲ.”